ಶಾಲೆಗೆ ಬೆಂಚೋ, ಹೊಸ ತಂತ್ರಜ್ಞಾನದ ಸರಿ-ತಪ್ಪು ಕೇಳುವವರಿಗೆ ಸಂಬಳವೋ? ನಮ್ಮ ಬಳಗದ 86,400 ರೂಪಾಯಿ

ಆಲ್ದೂರು ಟೀಚರ್ · ಭಾನುವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು 16 ಜನರ ಸಣ್ಣ ಬಳಗ. ಮೇಷ್ಟ್ರುಗಳು, ಸಣ್ಣ ತೋಟದವರು, ಒಬ್ಬರು ಮೆಡಿಕಲ್ ಶಾಪಿನವರು. ತಿಂಗಳಿಗೆ ತಲಾ 300 ರೂಪಾಯಿ ಹಾಕುತ್ತೇವೆ. 18 ತಿಂಗಳಿಗೆ 86,400 ಆಗಿದೆ. ಶಾಲೆಗೆ ಬೆಂಚು ಕೊಡಿಸೋಣ ಎಂದು ಅರ್ಧ ಜನ ಹೇಳುತ್ತಿದ್ದಾರೆ. ನಾನು ಬೇರೆ ಮಾತು ಎತ್ತಿದೆ. ಅಲ್ಲಿಂದ ಜಗಳ ನಡೆಯುತ್ತಿದೆ.

ಆಗಿದ್ದು ಇಷ್ಟು. ಒಂದು ಖಾಸಗಿ ಕಂಪನಿಯವರು ನಮ್ಮ ಶಾಲೆಗೆ ಬಂದಿದ್ದರು. ಗೇಟಿನ ಹತ್ತಿರ ಕ್ಯಾಮೆರಾ ಇಡುತ್ತಾರಂತೆ. ಮಗುವಿನ ಮುಖ ನೋಡಿ ಅದೇ ಹಾಜರಿ ಹಾಕುತ್ತದಂತೆ. ಮೊದಲ ವರ್ಷ ಪುಕ್ಕಟೆ. ಶಾಲಾ ಅಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಎಲ್ಲರೂ ಹೂಂ ಎಂದರು. ನಾನು ಮೂರೇ ಮಾತು ಕೇಳಿದೆ. ಮಕ್ಕಳ ಮುಖದ ಫೋಟೊ ಎಲ್ಲಿ ಇಡುತ್ತೀರಿ? ಮಗು ಶಾಲೆ ಬಿಟ್ಟ ಮೇಲೆ ಅಳಿಸುತ್ತೀರಾ? ಮಿಷನ್ ತಪ್ಪು ಮಾಡಿದರೆ ಯಾರನ್ನು ಕೇಳಬೇಕು? ಬಂದಿದ್ದ ಹುಡುಗ "ಎಲ್ಲಾ ಕ್ಲೌಡ್‌ನಲ್ಲಿ ಇರುತ್ತದೆ ಮೇಡಂ" ಎಂದ. ಅದಕ್ಕಿಂತ ಹೆಚ್ಚಿಗೆ ಅವನಿಗೂ ಗೊತ್ತಿರಲಿಲ್ಲ.

ಮನಸ್ಸು ತಡೆಯಲಿಲ್ಲ. ಮಾರನೆಯ ದಿನ ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆಗೆ ಫೋನ್ ಮಾಡಿದೆ. ಹೊಸ ತಂತ್ರಜ್ಞಾನ ಬಂದಾಗ ಯಾರಿಗೆ ಒಳ್ಳೆಯದು, ಯಾರಿಗೆ ತೊಂದರೆ, ಯಾರನ್ನು ಕೇಳಿ ತಂದರು ಎಂದು ನೋಡುವುದೇ ಅವರ ಕೆಲಸ. ಒಬ್ಬ ಹುಡುಗಿ ಒಂದು ಗಂಟೆ ಮಾತಾಡಿದಳು. ಕಂಪನಿಗೆ ಬರೆದು ಕೇಳಿ ಎಂದು 11 ಪ್ರಶ್ನೆ ಕಳಿಸಿದಳು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ನಾವು ಪತ್ರ ಬರೆದೆವು. ಉತ್ತರ ಇವತ್ತಿಗೂ ಬಂದಿಲ್ಲ, ಕ್ಯಾಮೆರಾನೂ ಬಂದಿಲ್ಲ.

ನಿಮಗೆ ಸಂಬಳ ಎಲ್ಲಿಂದ ಬರುತ್ತದಮ್ಮ ಎಂದು ಕೇಳಿದ್ದೆ. "ನಿಮ್ಮಂಥವರು ಕೊಡುವ ದುಡ್ಡಿನಿಂದ" ಎಂದಳು. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಮ್ಮ ದುಡ್ಡು ಇಂಥ ಕೆಲಸಕ್ಕೆ ಹೋಗಲಿ ಎಂದು ನನ್ನ ಆಸೆ. ಸರಿಯಾ ತಪ್ಪಾ? ಕೊಡುವುದಾದರೆ ಹೇಗೆ ಕೊಡಬೇಕು?

ಕಡೂರು ತೆಂಗು · 8:58

ಬೆಂಚು ಕೊಡಿ ಮೇಡಂ. ಮಕ್ಕಳು ನೆಲದಲ್ಲಿ ಕೂತಿರುವಾಗ ಬೆಂಗಳೂರಿನಲ್ಲಿ ಕೂತವರ ಸಂಬಳಕ್ಕೆ ದುಡ್ಡು ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಕೆ.ಎಂ. ರಸ್ತೆ · 9:02

ಬೆಂಚು +1

ಮೂಡಿಗೆರೆ ರೈಟರ್ · 9:15

ಟೀಚರ್ ಹೇಳಿದ್ದು ನನಗೆ ಅರ್ಥವಾಗುತ್ತದೆ. ನಾನು ಎಸ್ಟೇಟಿನಲ್ಲಿ ರೈಟರ್. ನಮ್ಮ ಲೈನ್ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ನಲವತ್ತು ವರ್ಷ ಕಾಫಿ ಕುಯ್ದ ಕೈ. ರೇಷನ್ ಅಂಗಡಿಯ ಮಿಷನ್ನಿಗೆ ಅವರ ಹೆಬ್ಬೆಟ್ಟು ಹತ್ತುವುದಿಲ್ಲ. ರೇಖೆ ಸವೆದು ನುಣ್ಣಗಾಗಿದೆ. ಒಂದು ತಿಂಗಳು ಮೂರು ಸಲ ಹೋಗಿ ಬರಿಗೈಯಲ್ಲಿ ಬಂದರು. ಹೋಗುವುದಕ್ಕೆ ಎರಡೂವರೆ ಮೈಲಿ. ಒಂದೊಂದು ಸಲಕ್ಕೂ ಒಂದು ದಿನದ ಕೂಲಿ ಹೋಯಿತು. ಕೊನೆಗೆ ಮೊಬೈಲಿಗೆ ಒಟಿಪಿ ತರಿಸಿ ಅಕ್ಕಿ ಕೊಡಬಹುದು ಎಂದು ಗೊತ್ತಾಯಿತು. ಮೊಬೈಲು ಮಗನ ಹತ್ತಿರ, ಮಗ ಮಂಗಳೂರಿನಲ್ಲಿ.

ಆ ಮಿಷನ್ ಮಾಡಿದವರು ಕಾಫಿ ಕುಯ್ಯುವವರ ಕೈ ಒಂದು ಸಲವಾದರೂ ನೋಡಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. ನೋಡಿ ಎಂದು ಹೇಳುವವರು ಬೇಕಿತ್ತು.

ಕಡೂರು ತೆಂಗು · 9:21

ರೈಟರೇ, ಅಜ್ಜಿಯ ಕಷ್ಟ ನಿಜ. ಆದರೆ ಅದಕ್ಕೆ ತಾಲ್ಲೂಕು ಕಚೇರಿ ಇದೆ, ಪಂಚಾಯಿತಿ ಇದೆ. ಎನ್‌ಜಿಒ ಯಾಕೆ? ಬೋರ್ಡ್ ಹಾಕಿಕೊಂಡು ದುಡ್ಡು ಎತ್ತಿ ನಾಪತ್ತೆಯಾದವರನ್ನು ನಮ್ಮ ಕಡೆ ಕಣ್ಣಾರೆ ನೋಡಿದ್ದೇನೆ.

ಬೇಲೂರು ಹುಡುಗಿ · 9:40

ನಾನು ಕಾನೂನು ಓದುತ್ತಿದ್ದೇನೆ. ಕಚೇರಿಗೆ ಹೋಗಿ ಕೇಳುವುದಕ್ಕೂ ಒಂದು ಹಕ್ಕು ಅಂತ ಇರಬೇಕಲ್ವಾ ಅಣ್ಣ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017 ರ ಆಗಸ್ಟ್ 24 ರಂದು. 9 ನ್ಯಾಯಮೂರ್ತಿಗಳು, ಎಲ್ಲರೂ ಒಂದೇ ಮಾತು. ಆ ಕೇಸಿಗೆ ಹೆಸರು ಬಂದಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. 2012 ರಲ್ಲಿ ಆಧಾರ್ ಬಗ್ಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ಕೇಸಿನ ಹಿಂದೆ ವರ್ಷಗಟ್ಟಲೆ ಓದಿ, ದಾಖಲೆ ಕೂಡಿಸಿ, ವಕೀಲರಿಗೆ ಒದಗಿಸಿದ ಜನ ಇದ್ದರು. 2018 ರ ಸೆಪ್ಟೆಂಬರ್‌ನಲ್ಲಿ ಆಧಾರ್ ಉಳಿಯಿತು. ಆದರೆ ಖಾಸಗಿ ಕಂಪನಿಗಳು ಆಧಾರ್ ಕೊಡಲೇಬೇಕು ಎಂದು ಕೇಳುವುದಕ್ಕೆ ಇದ್ದ ದಾರಿ ಮುಚ್ಚಿತು. ಸಿಮ್‌ಗೆ, ಬ್ಯಾಂಕ್ ಖಾತೆಗೆ ಜೋಡಿಸಲೇಬೇಕು ಎಂಬ ಕಡ್ಡಾಯ ಹೋಗಿದ್ದೂ ಅಲ್ಲೇ. ಅದರ ಲಾಭ ನಿಮಗೂ ಸಿಕ್ಕಿದೆ.

ಕೆ.ಎಂ. ರಸ್ತೆ · 9:44

86 ವರ್ಷಕ್ಕೆ! ಇದು ಗೊತ್ತಿರಲಿಲ್ಲ.

ಕೊಪ್ಪದ ಕೋಡರ್ · 10:05

ಈಗ ಜನರ ವೈಯಕ್ತಿಕ ಮಾಹಿತಿ ಕಾಪಾಡುವ 2023 ರ ಡೇಟಾ ಕಾಯ್ದೆ ಬಂದಿದೆಯಲ್ಲ. ತಪ್ಪು ಮಾಡಿದರೆ 250 ಕೋಟಿವರೆಗೆ ದಂಡ. ಮಕ್ಕಳ ಮಾಹಿತಿಗೆ ತಂದೆ ತಾಯಿ ಒಪ್ಪಿಗೆ ಬೇಕು. ಎಲ್ಲಾ ಕಾನೂನೇ ನೋಡಿಕೊಳ್ಳುತ್ತದೆ. ಇನ್ನು ಎನ್‌ಜಿಒಗೆ ಏನು ಕೆಲಸ ಉಳಿಯಿತು?

ಬೇಲೂರು ಹುಡುಗಿ · 10:19

ಅಣ್ಣ, ಅರ್ಧ ಸರಿ, ಅರ್ಧ ತಪ್ಪು. ಕಾಯ್ದೆ 2023 ರ ಆಗಸ್ಟ್‌ನಲ್ಲಿ ಆಯಿತು. ನಿಯಮ ಬಂದಿದ್ದು 2025 ರ ನವೆಂಬರ್‌ನಲ್ಲಿ. ಮುಖ್ಯವಾದ ಕರಾರುಗಳು ಜಾರಿಯಾಗುವುದಕ್ಕೆ ಅಲ್ಲಿಂದ 18 ತಿಂಗಳು ಸಮಯ ಕೊಟ್ಟಿದ್ದಾರೆ. 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು, ನಿಜ. ಆದರೆ ಶಾಲೆಗಳಿಗೆ ಕೆಲವು ವಿನಾಯಿತಿ ಇದೆ. ಸರ್ಕಾರ ಸಬ್ಸಿಡಿ, ಸೌಲಭ್ಯ ಕೊಡುವುದಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು ಎಂದು 7ನೇ ಸೆಕ್ಷನ್‌ನಲ್ಲಿ ಇದೆ. ಇದೇ ಕಾಯ್ದೆಯಿಂದ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಸೆಕ್ಷನ್ ಕೂಡ ಬದಲಾಯಿತು. ವೈಯಕ್ತಿಕ ಮಾಹಿತಿ ಎಂದು ಹೇಳಿ ಉತ್ತರ ಕೊಡದೆ ಇರುವುದು ಈಗ ಮೊದಲಿಗಿಂತ ಸುಲಭ. ಇದನ್ನೆಲ್ಲ ಸಾಲು ಸಾಲು ಓದಿ ಜನರಿಗೆ ತಿಳಿಸಿದವರು ಯಾರು? ಇದೇ ಸಣ್ಣ ಸಣ್ಣ ಸಂಸ್ಥೆಯವರು. ನಾನು ಕಲಿತದ್ದೂ ಅವರು ಬರೆದ ಟಿಪ್ಪಣಿಗಳಿಂದ.

ಕೊಪ್ಪದ ಕೋಡರ್ · 10:26

ಸರಿ ತಂಗಿ, 7ನೇ ಸೆಕ್ಷನ್ ನನಗೆ ಗೊತ್ತಿರಲಿಲ್ಲ. ಓದುತ್ತೇನೆ.

ಅರಕಲಗೂಡು ಅಂಗನವಾಡಿ · ಸೋಮವಾರ ಬೆಳಿಗ್ಗೆ 6:10

ಕೆಲಸಕ್ಕೆ ಹೋಗುವ ಮುಂಚೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ನಾನು ಅಂಗನವಾಡಿ ಕಾರ್ಯಕರ್ತೆ. ಮನೆಗೆ ಕೊಡುವ ಆಹಾರಕ್ಕೆ ಈಗ ತಾಯಂದಿರ ಮುಖ ಆ್ಯಪ್‌ನಲ್ಲಿ ತೋರಿಸಬೇಕು. ನೆಟ್‌ವರ್ಕ್ ಸಿಗಲು ನಾನು ಕೇಂದ್ರದ ಹಿಂದಿನ ದಿಬ್ಬದ ಮೇಲೆ ನಿಲ್ಲಬೇಕು. ಮಳೆ ಇದ್ದರೆ ಕೊಡೆ ಹಿಡಿದು ನಿಲ್ಲುತ್ತೇವೆ, ನಾನು, ಬಸುರಿ, ಅವಳ ಅತ್ತೆ. ಹೆರಿಗೆ ಆದ ಮೇಲೆ ಮುಖ ಊದಿಕೊಂಡಿರುತ್ತದೆ. ಆಗ ಹೊಂದುವುದಿಲ್ಲ ಎಂದು ಬರುತ್ತದೆ. ಆ ತಾಯಿ ನನಗೆ ಹುಟ್ಟಿದಾಗಿನಿಂದ ಗೊತ್ತು. ಅವಳು ನನ್ನ ಅಂಗನವಾಡಿಯಲ್ಲೇ ಕೂತು ಉಂಡವಳು. ನನ್ನ ಕಣ್ಣಿಗೆ ಗೊತ್ತು, ಫೋನಿಗೆ ಗೊತ್ತಿಲ್ಲ. ಫೋನ್ ಹೇಳಿದ್ದೇ ಲೆಕ್ಕ.

ಕಳ್ಳತನ ತಡೆಯುವುದಕ್ಕೆ ಇದು ಬೇಕು ಎನ್ನುತ್ತಾರೆ. ಕಳ್ಳತನ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ತರುವ ಮುಂಚೆ ನಮ್ಮನ್ನು ಒಂದು ಮಾತು ಕೇಳಿದ್ದರೆ, ಮುಖ ಹೊಂದದಿದ್ದರೆ ಕಾರ್ಯಕರ್ತೆ ಸಹಿ ಹಾಕಿ ಕೊಡಬಹುದು ಎಂದು ಒಂದು ದಾರಿ ಇಡಿ ಎಂದು ಹೇಳುತ್ತಿದ್ದೆವು. ಅಷ್ಟೇ ಬೇಕಾಗಿತ್ತು.

ಟೀಚರಮ್ಮ, ನಿಮಗೆ ಸಿಕ್ಕ ಆ 11 ಪ್ರಶ್ನೆ ನಮಗೂ ಕೊಡುತ್ತೀರಾ? ಕನ್ನಡದಲ್ಲಿ ಇದೆಯಾ?

ಆಲ್ದೂರು ಟೀಚರ್ · 7:05

ಅಕ್ಕ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಪ್ರಶ್ನೆಗಳು ಇಂಗ್ಲಿಷ್‌ನಲ್ಲಿ ಇವೆ. ನಾನು ಕನ್ನಡ ಮಾಡಿ ಇಲ್ಲೇ ಹಾಕುತ್ತೇನೆ.

ಸಾಲಗಾಮೆ ರಸ್ತೆ · 8:30

ಹಾಸನದಿಂದ ಬರೆಯುತ್ತಿದ್ದೇನೆ. ನಮ್ಮ ಊರಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, 1982 ರಿಂದ. ಅದರ ಪಕ್ಕದಲ್ಲೇ ಬೆಳೆದವನು ನಾನು. ತಂತ್ರಜ್ಞಾನ ಎಂದರೆ ನನಗೆ ಹೆಮ್ಮೆ. ಅದಕ್ಕೇ ಒಂದು ಹಳೆಯ ವಿಷಯ ನೆನಪಿಸುತ್ತೇನೆ.

1975-76 ರಲ್ಲಿ ಇಸ್ರೋ ಸೈಟ್ ಎಂಬ ಪ್ರಯೋಗ ಮಾಡಿತು. ಅಮೆರಿಕದ ಎಟಿಎಸ್-6 ಉಪಗ್ರಹ ಒಂದು ವರ್ಷಕ್ಕೆ ತೆಗೆದುಕೊಂಡು, ಕರ್ನಾಟಕವೂ ಸೇರಿ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕೊಟ್ಟರು. ಎಂಜಿನಿಯರ್‌ಗಳ ಜೊತೆ ಸಮಾಜ ವಿಜ್ಞಾನ ಓದಿದವರನ್ನೂ ಕಳಿಸಿದರು. ಅವರು ಹಳ್ಳಿಯಲ್ಲಿ ಉಳಿದು, ಟಿವಿ ಬರುವ ಮುಂಚೆ ಹೇಗಿತ್ತು, ಬಂದ ಮೇಲೆ ಏನಾಯಿತು, ಯಾರು ಮುಂದೆ ಕೂತರು, ಯಾರು ಬರಲೇ ಇಲ್ಲ ಎಂದು ಬರೆದರು. ಐವತ್ತು ವರ್ಷದ ಹಿಂದೆ, ಈಗಿಗಿಂತ ಕಡಿಮೆ ದುಡ್ಡಿದ್ದ ಕಾಲದಲ್ಲಿ, ನಮ್ಮವರಿಗೇ ಅದು ಬೇಕು ಅನ್ನಿಸಿತ್ತು. ಈಗ ಆ್ಯಪ್ ಬರುತ್ತದೆ, ಜೊತೆಗೆ ನೋಡುವವರು ಬರುವುದಿಲ್ಲ. ಆ ಕೆಲಸ ಎನ್‌ಜಿಒಗಳ ಪಾಲಿಗೆ ಬಿದ್ದಿದೆ. ಕೊಡಿ ಎಂದೇ ನನ್ನ ಮಾತು.

ಹಸಿರು ಶಾಲು · 9:12

ಸಾಲಗಾಮೆಯವರೇ ಚೆನ್ನಾಗಿ ಹೇಳಿದಿರಿ. ನಾನು ಪ್ರೊಫೆಸರ್ ನಂಜುಂಡಸ್ವಾಮಿಯವರ ಕಾಲದಿಂದ ರೈತ ಸಂಘದಲ್ಲಿ ಇದ್ದವನು. 1998 ರಲ್ಲಿ ಬಿಟಿ ಹತ್ತಿಯ (ಹುಳು ತಡೆಯಲು ಹೊರಗಿನ ಜೀನ್ ಸೇರಿಸಿದ ತಳಿ) ಪ್ರಯೋಗದ ಹೊಲಗಳನ್ನು ಸುಟ್ಟಾಗ ದೇಶವೇ ನಮ್ಮ ಕಡೆ ನೋಡಿತು. ಆದರೂ 2002 ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಬಿಟಿ ಬದನೆ ಬಂದಾಗ ಬೇರೆ ಥರ ನಡೆಯಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ 7 ಊರುಗಳಲ್ಲಿ ಸಭೆ ಮಾಡಿ ಜನರ ಮಾತು ಕೇಳಿದರು. ಬೆಂಗಳೂರಿನ ಸಭೆಗೆ ನಾನೂ ಹೋಗಿದ್ದೆ. ರೈತರು, ವಿಜ್ಞಾನಿಗಳು, ಕಂಪನಿಯವರು, ಡಾಕ್ಟರುಗಳು ಒಂದೇ ಸೂರಿನ ಕೆಳಗೆ ಕೂಗಾಡಿದೆವು. 2010 ರ ಫೆಬ್ರವರಿಯಲ್ಲಿ ಬಿಟಿ ಬದನೆಗೆ ತಡೆ ಬಿತ್ತು. ಈಗಲೂ ಇದೆ.

ಅವತ್ತು ನಮ್ಮ ಕೈಯಲ್ಲಿ ಕಾಗದ ಇತ್ತು, ಅಂಕಿ ಇತ್ತು. ಅದನ್ನು ಒದಗಿಸಿದ್ದು ಸಣ್ಣ ಸಂಸ್ಥೆಗಳು. ಬರೀ ಕೂಗಿದ್ದರೆ ಹೊರಗೆ ಕಳಿಸುತ್ತಿದ್ದರು.

ಹಾಸನ ಆಲೂಗಡ್ಡೆ · 9:50

ಹಿರಿಯರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಾನು ಒಪ್ಪುವುದಿಲ್ಲ. ನಾನು ಆಲೂಗಡ್ಡೆ ಬೆಳೆಯುವವನು. ಅಂಗಮಾರಿ ಬಂದು ನಮ್ಮ ತಂದೆ ಕಾಲದ ಬೆಳೆ ಹೋಯಿತು. ಎಕರೆಗಟ್ಟಲೆ ಒಂದೇ ವಾರದಲ್ಲಿ ಕಪ್ಪಾಗುವುದನ್ನು ನೋಡಿ ಅತ್ತಿದ್ದೇನೆ. ಅಕ್ಕಪಕ್ಕದ ಹೊಲದವರು ಈಗ ಜೋಳ ಹಾಕುತ್ತಾರೆ. ರೋಗ ತಡೆಯುವ ತಳಿ ಲ್ಯಾಬಿನಿಂದ ಬಂದರೂ ನನಗೆ ಬೇಕು. ನೀತಿ ನೀತಿ ಎಂದು ಇಪ್ಪತ್ತು ವರ್ಷ ತಡೆದರೆ ಆ ಇಪ್ಪತ್ತು ವರ್ಷದ ನಷ್ಟ ಯಾರು ಕೊಡುತ್ತಾರೆ? ಬೇಡ ಎನ್ನುವುದಕ್ಕೂ ಒಂದು ಬೆಲೆ ಇದೆ. ಅದನ್ನು ಕಟ್ಟುವವನು ರೈತ.

ಹಸಿರು ಶಾಲು · 10:08

ಬೇಡ ಎನ್ನುವುದೊಂದೇ ನಮ್ಮ ಮಾತಾಗಿರಲಿಲ್ಲ ತಮ್ಮಾ. ಬೀಜ ಯಾರದು? ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದಾ? ಬೆಳೆ ಕೈಕೊಟ್ಟರೆ ಪರಿಹಾರ ಯಾರು ಕೊಡುತ್ತಾರೆ? ಇದನ್ನು ಕೇಳಿದೆವು.

ಹಾಸನ ಆಲೂಗಡ್ಡೆ · 10:15

ಆ ಮೂರು ಪ್ರಶ್ನೆ ನನ್ನವೂ ಹೌದು. ಅದಕ್ಕೆ ಉತ್ತರ ಹುಡುಕುವವರಿಗೆ ದುಡ್ಡು ಕೊಡಿ, ಬೇಡ ಎನ್ನಲ್ಲ. ಉತ್ತರ ಬರುವ ಮುಂಚೆಯೇ ತೀರ್ಮಾನ ಮಾಡಿಕೊಂಡು ಕೂತವರಿಗೆ ಮಾತ್ರ ಬೇಡ.

ಬೇಲೂರು ಹುಡುಗಿ · 10:31

ಇಲ್ಲಿ ಒಂದು ಸೇರಿಸುತ್ತೇನೆ. ಈಗ ಜೀನ್ ತಿದ್ದುವ ತಳಿ ಬೇರೆ, ಬಿಟಿ ಬೇರೆ. ಹೊರಗಿನ ಜೀನ್ ಸೇರಿಸದೆ ಇದ್ದುದನ್ನೇ ತಿದ್ದಿದರೆ ಅದಕ್ಕೆ 2022 ರಲ್ಲಿ ಕೇಂದ್ರ ಸರ್ಕಾರ ಜಿಎಂ ಬೆಳೆಗಳ ಕಠಿಣ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು. 2025 ರ ಮೇನಲ್ಲಿ ಅಂಥ ಎರಡು ಭತ್ತದ ತಳಿ ಪ್ರಕಟಿಸಿದರು. ನಮ್ಮ ಊರಲ್ಲಿ ಎಷ್ಟು ಜನಕ್ಕೆ ಗೊತ್ತು? ಒಳ್ಳೆಯದೋ ಕೆಟ್ಟದ್ದೋ, ತಿಳಿದು ಮಾತಾಡಲು ಕನ್ನಡದಲ್ಲಿ ಒಂದು ಪುಟ ಬೇಕಲ್ವಾ?

ಸಕಲೇಶಪುರ ಮಳೆ · ಮಧ್ಯಾಹ್ನ 1:20

ನಮ್ಮ ಕಡೆ ಆನೆ ಸಮಸ್ಯೆ ಎಲ್ಲರಿಗೂ ಗೊತ್ತು. ರೇಡಿಯೋ ಕಾಲರ್, ಮೊಬೈಲಿಗೆ ಮೆಸೇಜ್, ರಸ್ತೆ ಬದಿಯ ಎಲ್‌ಇಡಿ ಬೋರ್ಡ್. ಇದರಿಂದ ಜೀವ ಉಳಿದಿದೆ. ಬೆಳಿಗ್ಗೆ ಆಳುಗಳನ್ನು ತೋಟದ ಯಾವ ಪಟ್ಟಿಗೆ ಕಳಿಸಬಾರದು ಎಂದು ಮೆಸೇಜ್ ನೋಡಿ ನಿರ್ಧರಿಸುತ್ತೇನೆ. ಆದರೆ ಅದೇ ಮೆಸೇಜ್ ವಾಟ್ಸಾಪ್‌ನಲ್ಲಿ ಹರಿದಾಡಿ ಆನೆ ನೋಡಲು ಜನ ಬೈಕ್ ತೆಗೆದುಕೊಂಡು ಬರುತ್ತಾರೆ. ಆನೆಗೂ ಕೋಪ, ಜನಕ್ಕೂ ಅಪಾಯ.

ಯಸಳೂರಿನಲ್ಲಿ 2023 ರ ಡಿಸೆಂಬರ್‌ನಲ್ಲಿ ಕಾರ್ಯಾಚರಣೆ ವೇಳೆ ಅರ್ಜುನ ಸತ್ತಿದ್ದು ಇನ್ನೂ ನೆನಪಿದೆ. ಎಂಟು ಸಲ ಅಂಬಾರಿ ಹೊತ್ತ ಆನೆ. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಕೆ.ಎಂ. ರಸ್ತೆ · 1:26

ಅರ್ಜುನನ ಸುದ್ದಿ ತೆಗೆಯಬೇಡಿ ಸಾರ್, ಇವತ್ತಿಗೂ ಸಂಕಟ ಆಗುತ್ತದೆ.

ಬೇಲೂರು ಹುಡುಗಿ · 1:48

ಮಳೆ ಸಾರ್, ಕಾಡಲ್ಲಿ ಇಡುವ ಕ್ಯಾಮೆರಾ ಬಗ್ಗೆಯೂ ಒಂದು ಹೇಳಬೇಕು. ಉತ್ತರಾಖಂಡದ ಕಾರ್ಬೆಟ್ ಹುಲಿ ಕಾಡಿನ ಅಂಚಿನ ಹಳ್ಳಿಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 14 ತಿಂಗಳು ಇದ್ದು 270 ಜನರ ಹತ್ತಿರ ಮಾತಾಡಿದರು. 2024 ರಲ್ಲಿ ಅದು ಪ್ರಕಟವಾಯಿತು. ಪ್ರಾಣಿ ನೋಡಲು ಇಟ್ಟ ಕ್ಯಾಮೆರಾದಲ್ಲಿ ಸೌದೆಗೆ ಹೋದ ಹೆಂಗಸರು ಸಿಕ್ಕಿಬೀಳುತ್ತಿದ್ದರು. ಒಬ್ಬ ಹೆಣ್ಣುಮಗಳ ಚಿತ್ರ ಊರಿನ ವಾಟ್ಸಾಪ್‌ಗೂ ಹೋಯಿತು. ಮೊದಲು ಆ ಹೆಂಗಸರು ಕಾಡಲ್ಲಿ ಗಟ್ಟಿಯಾಗಿ ಹಾಡು ಹೇಳುತ್ತಾ, ಮಾತಾಡುತ್ತಾ ಹೋಗುತ್ತಿದ್ದರು. ಸದ್ದಿಗೆ ಹುಲಿ ಆನೆ ದೂರ ಇರಲಿ ಎಂದು. ಕ್ಯಾಮೆರಾ ಬಂದ ಮೇಲೆ ಹೆದರಿ ಸುಮ್ಮನಾದರು. ಜೀವ ಉಳಿಸುತ್ತಿದ್ದ ಹಾಡೇ ನಿಂತುಹೋಯಿತು.

ಇದನ್ನು ಯಾವ ಎಂಜಿನಿಯರೂ ಊಹಿಸುವುದಕ್ಕೆ ಆಗುವುದಿಲ್ಲ. ಹಳ್ಳಿಯಲ್ಲಿ ಕೂತು ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ. ಟೀಚರ್ ಹೇಳುವ ಕೆಲಸ ಇದೇ.

ಸಕಲೇಶಪುರ ಮಳೆ · 2:05

ನಮ್ಮ ತೋಟಕ್ಕೆ ಬರುವ ಹೆಂಗಸರೂ ಕೂಗು ಹಾಕುತ್ತಾ ಬರುತ್ತಾರೆ. ತೋಟದಲ್ಲಿ ನಾನೇ ನಾಲ್ಕು ಕ್ಯಾಮೆರಾ ಹಾಕಿಸಿದ್ದೇನೆ, ಮೆಣಸು ಕಳ್ಳತನಕ್ಕೆ. ಅವರನ್ನು ಒಂದು ಮಾತೂ ಕೇಳಿಲ್ಲ. ನಾಳೆ ಬೆಳಿಗ್ಗೆ ಕೇಳುತ್ತೇನೆ.

ಮೂಡಿಗೆರೆ ರೈಟರ್ · 2:40

ಕಾಫಿಯವರಿಗೆ ಇನ್ನೊಂದು ತಲೆನೋವು ಬರುತ್ತಿದೆ. 2020 ರ ಡಿಸೆಂಬರ್ 31 ರ ನಂತರ ಕಾಡು ಕಡಿದ ಜಾಗದ ಕಾಫಿ ಕೊಳ್ಳುವುದಿಲ್ಲ ಎಂದು ಯುರೋಪಿನವರು 2023 ರಲ್ಲಿ ಕಾನೂನು ಮಾಡಿದ್ದಾರೆ. ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ. ಆದರೆ ಪ್ರತಿ ತೋಟದ ಜಿಪಿಎಸ್ ಗುರುತು ಕೊಡಲೇಬೇಕು. 4 ಹೆಕ್ಟೇರ್‌ಗಿಂತ ದೊಡ್ಡದಾದರೆ ಸುತ್ತಲಿನ ಗಡಿ ಪೂರ್ತಿ. ಕಾಡು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಸಣ್ಣ ಬೆಳೆಗಾರರು ನನ್ನ ಹತ್ತಿರ ಬಂದು ಕೇಳುತ್ತಾರೆ: "ಈ ನಕ್ಷೆ ನಾಳೆ ಒತ್ತುವರಿ ಕೇಸಿಗೆ ಬಳಸುತ್ತಾರಾ ರೈಟ್ರೇ? ವ್ಯಾಪಾರಿಗಳ ಕೈಗೆ ಹೋಗುತ್ತದಾ?" ನನ್ನ ಹತ್ತಿರ ಉತ್ತರ ಇಲ್ಲ. ಇದಕ್ಕೆ ಉತ್ತರ ಹುಡುಕಿ ಕೊಡುವ ಒಬ್ಬರಿದ್ದರೆ ನಾನೇ ತಿಂಗಳಿಗೆ 200 ಕೊಡುತ್ತೇನೆ.

ಕಡೂರು ತೆಂಗು · 3:10

ಎಲ್ಲರ ಮಾತೂ ಓದಿದೆ. ಕೆಲಸ ಬೇಕು ಎಂದು ಒಪ್ಪುತ್ತೇನೆ. ನನ್ನ ಅನುಮಾನ ದುಡ್ಡಿನ ಬಗ್ಗೆ. ಇಂಥ ಸಂಸ್ಥೆಗೆ ದೊಡ್ಡ ದುಡ್ಡು ಕೊಡುವವರು ಯಾರು? ಟೆಕ್ ಕಂಪನಿಗಳೇ ಅಲ್ವಾ? ಕಂಪನಿಯ ದುಡ್ಡು ತಿಂದು ಕಂಪನಿಯನ್ನೇ ಪ್ರಶ್ನೆ ಮಾಡುತ್ತಾರಾ?

ಕೊಪ್ಪದ ಕೋಡರ್ · 3:35

ಕಡೂರು ಅಣ್ಣ, ಇದು ಸರಿಯಾದ ಪ್ರಶ್ನೆ. ನಾನು ಇದೇ ಫೀಲ್ಡಿನಲ್ಲಿ ಇರುವವನು. ಚಾಟ್‌ಜಿಪಿಟಿ ಮಾಡಿದ ಓಪನ್ ಎಐ 2015 ರ ಡಿಸೆಂಬರ್‌ನಲ್ಲಿ ಶುರುವಾದಾಗ ಲಾಭಕ್ಕಲ್ಲ, ಎಲ್ಲರ ಒಳಿತಿಗೆ ಎಂದು ಶುರುವಾಗಿದ್ದು. 2019 ರಲ್ಲಿ ಲಾಭದ ಅಂಗ ಸೇರಿಸಿಕೊಂಡಿತು. ದುಡ್ಡು ಜಾಸ್ತಿ ಬೇಕಾದ ಹಾಗೆ ದಾರಿ ತಿರುಗಿತು. ಇನ್ನೊಂದು ಕಡೆ, ಮುಂದಿನ ಕಾಲದ ಅಪಾಯಗಳ ಬಗ್ಗೆ ಓದುತ್ತಿದ್ದ ಆಕ್ಸ್‌ಫರ್ಡಿನ ಫ್ಯೂಚರ್ ಆಫ್ ಹ್ಯುಮ್ಯಾನಿಟಿ ಇನ್‌ಸ್ಟಿಟ್ಯೂಟ್ 2005 ರಲ್ಲಿ ಶುರುವಾಗಿ 2024 ರ ಏಪ್ರಿಲ್‌ನಲ್ಲಿ ಮುಚ್ಚಿತು. ಅಷ್ಟು ದೊಡ್ಡ ಹೆಸರಿದ್ದೂ ಉಳಿಯಲಿಲ್ಲ.

ನಮ್ಮಲ್ಲಿ ನೋಡಿ. ಇಂಟರ್ನೆಟ್ ಬಳಸುವವರ ಹಕ್ಕಿಗೆ ದುಡಿಯುವ ಇಂಟರ್ನೆಟ್ ಫ್ರೀಡಂ ಫೌಂಡೇಶನ್ 2016 ರಲ್ಲಿ ಶುರುವಾಯಿತು. ಹಿಂದಿನ ವರ್ಷ ನೆಟ್ ನ್ಯೂಟ್ರಾಲಿಟಿಗಾಗಿ (ಎಲ್ಲಾ ವೆಬ್‌ಸೈಟಿಗೂ ಒಂದೇ ನ್ಯಾಯ ಇರಲಿ ಎಂದು) ಹತ್ತು ಲಕ್ಷ ದಾಟಿ ಜನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ಇಮೇಲ್ ಕಳಿಸಿದ್ದರಲ್ಲ, ಆ ಹೋರಾಟದಿಂದ ಹುಟ್ಟಿದ್ದು. ಸಾಮಾನ್ಯ ಜನರ ದೇಣಿಗೆ ಅವರಿಗೆ ಮುಖ್ಯ ಆಧಾರ. ಬೆಂಗಳೂರಿನಲ್ಲಿ ಐಟಿ ಫಾರ್ ಚೇಂಜ್ 2000 ದಿಂದ, ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2008 ರಿಂದ ಇವೆ. ಯಾರಿಗೆ ಕೊಟ್ಟರೂ ಮೊದಲು ಅವರ ವರ್ಷದ ವರದಿ ತೆಗೆದು ದುಡ್ಡು ಎಲ್ಲಿಂದ ಬಂತು ಎಂಬ ಪುಟ ಓದಿ. ಒಬ್ಬರಿಂದಲೇ ಮುಕ್ಕಾಲು ದುಡ್ಡು ಬಂದಿದ್ದರೆ ಯೋಚಿಸಿ. ನೂರಾರು ಜನರಿಂದ ಸ್ವಲ್ಪ ಸ್ವಲ್ಪ ಬಂದಿದ್ದರೆ ಅವರ ಬೆನ್ನು ಗಟ್ಟಿ. ಅದಕ್ಕೇ ನಿಮ್ಮ 300 ರೂಪಾಯಿಗೆ ಬೆಲೆ ಇದೆ. ಅದು ಯಾವ ಕಂಪನಿಯ ಋಣವೂ ಇಲ್ಲದ ದುಡ್ಡು.

ಲೆಕ್ಕದ ಮನುಷ್ಯ, ಹಾಸನ · ಸಂಜೆ 5:00

ಟೀಚರ್ ಹೇಗೆ ಕೊಡಬೇಕು ಎಂದು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಟ್ರಸ್ಟುಗಳ ಲೆಕ್ಕ ನೋಡುವವನು.

ಮೊದಲು, ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ದತ್ತಿ ನೋಂದಣಿ (1961 ರ ಕಾಯ್ದೆಯಲ್ಲಿ 12ಎ) ಮತ್ತು ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ ನೋಂದಣಿ (ಅದರಲ್ಲಿ 80ಜಿ) ಇದೆಯಾ, ಅವಧಿ ಮುಗಿದಿಲ್ಲವಾ ಎಂದು ನೋಡಿ. ಎರಡನೆಯದು ಇದ್ದರೆ ಸಾಮಾನ್ಯವಾಗಿ ಕೊಟ್ಟಿದ್ದರ ಅರ್ಧದಷ್ಟು ಆದಾಯದಲ್ಲಿ ಕಳೆಯಬಹುದು, ಅದಕ್ಕೆ ಒಂದು ಮಿತಿಯೂ ಇದೆ. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ ಮಾತ್ರ. ಹೊಸ ಪದ್ಧತಿಯವರಿಗೆ ಸಿಗುವುದಿಲ್ಲ. ನಗದು 2,000 ಮೀರಿದರೆ ವಿನಾಯಿತಿ ಇಲ್ಲ, ಅದಕ್ಕೇ ಬ್ಯಾಂಕಿನಿಂದಲೇ ಕಳಿಸಿ. ಬಳಗದ ಹೆಸರಲ್ಲಿ ಒಟ್ಟಿಗೆ ಕಳಿಸಿದರೆ ನಿಮ್ಮ 16 ಜನರ ಹೆಸರಿಗೆ ರಸೀದಿ ಬರುವುದಿಲ್ಲ. ಬೇಕಿದ್ದರೆ ಒಬ್ಬೊಬ್ಬರೇ ಕಳಿಸಿ, ವರ್ಷದ ಕೊನೆಗೆ ದೇಣಿಗೆಯ ಪ್ರಮಾಣಪತ್ರ ಕೇಳಿ ಪಡೆಯಿರಿ.

ಹೊರದೇಶದಲ್ಲಿರುವ ಮಕ್ಕಳು ಕೊಡುತ್ತಾರೆ ಎಂದರೆ ಹುಷಾರು. ಮಗನ ಪಾಸ್‌ಪೋರ್ಟ್ ಇನ್ನೂ ಭಾರತದ್ದಾದರೆ ಮಾತು ಬೇರೆ. ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರಬೇಕು. 2020 ರ ತಿದ್ದುಪಡಿ ಆದ ಮೇಲೆ ಆ ದುಡ್ಡು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಗೇ ಬರಬೇಕು. ಆಡಳಿತ ಖರ್ಚಿಗೆ 20% ಮೀರಿ ಬಳಸುವ ಹಾಗಿಲ್ಲ. ಓದುವ, ಬರೆಯುವ ಸಂಸ್ಥೆಗಳಲ್ಲಿ ಖರ್ಚೆಲ್ಲ ಜನರ ಸಂಬಳವೇ. ಅವರಿಗೆ ಇದು ದೊಡ್ಡ ಕಷ್ಟ.

ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ಎಂದು ತೆಗೆದಿಡಬೇಕಾದ ಸಿಎಸ್‌ಆರ್ ದುಡ್ಡು ಲಾಭದ 2%. ನಾನು ಕಂಡ ಹಾಗೆ ಅದು ಕಣ್ಣಿಗೆ ಕಾಣುವುದಕ್ಕೇ ಹೋಗುತ್ತದೆ. ಕಟ್ಟಡ, ಕೊಳವೆಬಾವಿ, ಬೆಂಚು. ಹೆಸರು ಬರೆಸಬಹುದಲ್ಲ. ಪ್ರಶ್ನೆ ಕೇಳುವುದರ ಮೇಲೆ ಹೆಸರು ಬರೆಸುವುದಕ್ಕೆ ಆಗುವುದಿಲ್ಲ. ಅದಕ್ಕೆ ನಮ್ಮಂಥವರೇ ಕೊಡಬೇಕು.

ಒಂದೇ ಸಲ 86,400 ಕೊಡಬೇಡಿ. ತಿಂಗಳು ತಿಂಗಳು ಕೊಡಿ. ಮುಂದಿನ ತಿಂಗಳು ಸಂಬಳ ಕೊಡಬಲ್ಲೆವು ಎಂಬ ಧೈರ್ಯ ಇದ್ದರೆ ಅವರು ಒಳ್ಳೆಯವರನ್ನು ಉಳಿಸಿಕೊಳ್ಳುತ್ತಾರೆ. ನಿಮಗೂ ಬೇಡ ಅನ್ನಿಸಿದರೆ ನಿಲ್ಲಿಸಬಹುದು.

ಕಡೂರು ತೆಂಗು · 5:22

ಸಾರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ತಿಂಗಳು ತಿಂಗಳು ಎನ್ನುವುದು ಒಪ್ಪಿಗೆ ಆಯಿತು. ಆದರೂ ಮಕ್ಕಳು ನೆಲದಲ್ಲಿ ಕೂತಿದ್ದಾರೆ ಎನ್ನುವುದನ್ನು ಯಾರೂ ಮರೆಯಬೇಡಿ.

ಸಕಲೇಶಪುರ ಮಳೆ · 5:40

ನಮ್ಮ ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಆರು ಮರ ಇದೆ. ಕುಯ್ಯಿಸಿ ಹಲಗೆ ಮಾಡಿಸಿಕೊಡುತ್ತೇನೆ. ಆಲ್ದೂರಿನ ತನಕ ಸಾಗಿಸುವುದು, ಬಡಗಿ ಕೂಲಿ ನೀವು ನೋಡಿಕೊಳ್ಳಿ. ಬೆಂಚಿಗೆ ಆ 86,400 ಮುಟ್ಟಬೇಕಾಗಿಲ್ಲ.

ಕಡೂರು ತೆಂಗು · 5:43

ಬಡಗಿ ಕೂಲಿ ನನ್ನದು.

ಹಸಿರು ಶಾಲು · 6:15

ಸಂತೋಷ. ಟೀಚರಮ್ಮ, ಒಂದು ಮಾತು. ಪೂರ್ತಿ ದುಡ್ಡು ಬೆಂಗಳೂರಿಗೆ ಕಳಿಸಬೇಡಿ. ಅಲ್ಲಿಯವರು ಬರೆಯುವುದೆಲ್ಲ ಇಂಗ್ಲಿಷ್. ನಮ್ಮ ಗ್ರಾಮ ಸಭೆಗೆ ಅದು ತಲುಪುವುದೇ ಇಲ್ಲ. ಸ್ವಲ್ಪ ಇಲ್ಲೇ ಇಟ್ಟುಕೊಂಡು ಕನ್ನಡದಲ್ಲಿ ಅಚ್ಚು ಹಾಕಿಸಿ. ರೇಷನ್ನಿನ ಹೆಬ್ಬೆಟ್ಟಿಗೆ ಒಂದು ಹಾಳೆ, ಅಂಗನವಾಡಿಯ ಮುಖದ ಆ್ಯಪ್‌ಗೆ ಒಂದು, ತೋಟದ ನಕ್ಷೆಗೆ ಒಂದು, ಹೊಸ ಬೀಜಕ್ಕೆ ಒಂದು. ಬೀಜದ ಹಾಳೆಯನ್ನು ಆಲೂಗಡ್ಡೆ ತಮ್ಮ ಮತ್ತು ನಾನು ಕೂಡಿ ಬರೆಯುತ್ತೇವೆ. ಇಬ್ಬರೂ ಒಪ್ಪಿದ ಮಾತು ಮಾತ್ರ ಅದರಲ್ಲಿ ಇರಲಿ.

ಹಾಸನ ಆಲೂಗಡ್ಡೆ · 6:20

ಒಪ್ಪದ ಮಾತೂ ಇರಲಿ ಹಿರಿಯರೇ. ನೀವು ಹೀಗೆ ಹೇಳುತ್ತೀರಿ, ನಾನು ಹೀಗೆ ಹೇಳುತ್ತೇನೆ ಎಂದು ಎರಡನ್ನೂ ಬರೆಯೋಣ. ಓದುವವರು ತೀರ್ಮಾನ ಮಾಡಲಿ.

ಹಸಿರು ಶಾಲು · 6:24

ಆಗಲಿ. ಭಾನುವಾರ ಹಾಸನಕ್ಕೆ ಬರುತ್ತೇನೆ.

ಆಲ್ದೂರು ಟೀಚರ್ · ಬುಧವಾರ ರಾತ್ರಿ 9:30

ನಿನ್ನೆ ಬಳಗ ಸೇರಿತ್ತು. ನಿಮ್ಮ ಮಾತುಗಳನ್ನೆಲ್ಲ ಓದಿ ಹೇಳಿದೆ. ಅಂಗನವಾಡಿ ಅಕ್ಕ ಬರೆದದ್ದನ್ನು ಎರಡು ಸಲ ಓದಿಸಿದರು. 16 ರಲ್ಲಿ 13 ಜನ ಕೈ ಎತ್ತಿದರು. ಮೂವರು ಈಗಲೂ ಬೇಡ ಎನ್ನುತ್ತಾರೆ. ಅವರ ಪಾಲಿನ ದುಡ್ಡು, ಒಬ್ಬರದು 5,400, ಬೆಂಚು ಸಾಗಿಸುವುದಕ್ಕೆ ಹೋಗುತ್ತದೆ.

ಉಳಿದದ್ದು 70,200. ತಿಂಗಳಿಗೆ 3,000 ದಂತೆ ಒಂದು ವರ್ಷ ಆ ಸಂಸ್ಥೆಗೆ ಕೊಡುತ್ತೇವೆ, ಒಟ್ಟು 36,000. ಅವರ ವರದಿ ತರಿಸಿ ನೋಡಿದೆ. ದುಡ್ಡು ಕೊಟ್ಟವರ ಪಟ್ಟಿ ಎರಡು ಪುಟ ಇದೆ, 100 ರೂಪಾಯಿ ಕೊಟ್ಟವರ ಹೆಸರೂ ಇದೆ. ವರ್ಷ ಆದ ಮೇಲೆ ಅವರು ಏನು ಮಾಡಿದರು ಎಂದು ಇಲ್ಲೇ ಲೆಕ್ಕ ಹಾಕುತ್ತೇನೆ. ಕಡೂರು ಅಣ್ಣ ಕೇಳದಿದ್ದರೂ ಹಾಕುತ್ತೇನೆ. ಉಳಿದ 34,200 ಕನ್ನಡದ ಹಾಳೆಗಳಿಗೆ. ಬೇಲೂರಿನ ತಂಗಿ ಕಾನೂನಿನ ಭಾಗ ತಿದ್ದಿಕೊಡುತ್ತೇನೆ ಎಂದಿದ್ದಾಳೆ. ರೈಟರು ತೋಟದ ನಕ್ಷೆಯ ಪ್ರಶ್ನೆಗಳನ್ನು ಬರೆದುಕೊಡುತ್ತಾರೆ.

ಮೊದಲ ಹಾಳೆ ಅಂಗನವಾಡಿಯದ್ದು. 11 ರಲ್ಲಿ 7 ಪ್ರಶ್ನೆ ಕನ್ನಡ ಮಾಡಿದ್ದೇನೆ. "ಮಿಷನ್ ಒಪ್ಪದಿದ್ದರೆ ಬೇರೆ ದಾರಿ ಏನು? ಅದನ್ನು ಬರೆದು ಗೋಡೆಗೆ ಅಂಟಿಸಿದ್ದೀರಾ?" ಎನ್ನುವುದನ್ನು ಎಲ್ಲಕ್ಕಿಂತ ಮೇಲೆ ಹಾಕಿದ್ದೇನೆ.

ಮೂಡಿಗೆರೆ ರೈಟರ್ · 9:41

ಆ ಪ್ರಶ್ನೆಯನ್ನು ರೇಷನ್ ಹಾಳೆಗೂ ಮೇಲೇ ಹಾಕಿ ಟೀಚರ್. ನಮ್ಮ ಅಜ್ಜಿಯ ಹೆಸರಲ್ಲಿ ಕೇಳುತ್ತಿದ್ದೇನೆ.

ಸಕಲೇಶಪುರ ಮಳೆ · 9:55

ಕ್ಯಾಮೆರಾ ವಿಷಯ ತೋಟದ ಹೆಂಗಸರನ್ನು ಕೇಳಿದೆ. ಕಣದ ಹತ್ತಿರದ್ದು ಇರಲಿ, ಹಳ್ಳದ ಹತ್ತಿರದ್ದು ತೆಗೆಯಿರಿ ಎಂದರು. ಅಲ್ಲಿ ಅವರು ಕೈಕಾಲು ತೊಳೆಯುತ್ತಾರೆ. ಎರಡು ವರ್ಷದಿಂದ ಯಾರೂ ಹೇಳಿರಲಿಲ್ಲ. ಇವತ್ತು ಮಧ್ಯಾಹ್ನ ಇಳಿಸಿದೆ.

ಅರಕಲಗೂಡು ಅಂಗನವಾಡಿ · ಗುರುವಾರ ಬೆಳಿಗ್ಗೆ 6:05

ಟೀಚರಮ್ಮ, ಅಕ್ಷರ ಸ್ವಲ್ಪ ದಪ್ಪ ಇರಲಿ, ನಮ್ಮ ಸಹಾಯಕಿಯರಲ್ಲಿ ಕೆಲವರಿಗೆ ಕಣ್ಣು ಮಂಜು. ನಮ್ಮ ಸರ್ಕಲ್‌ಗೆ 40 ಹಾಳೆ ಬೇಕು. ಬರುವ ತಿಂಗಳ ಮೀಟಿಂಗಿಗೆ ಸಿಕ್ಕರೆ ಅಲ್ಲೇ ಹಂಚುತ್ತೇನೆ.